ಹುಣಸೆದೊಡ್ಡಿ ಮಾರಮ್ಮನ ಪಾರ್ಸೆಲ್

ಬಿಡದಿ
6 ಅಕ್ಟೋಬರ್ 2024

ಲೇ ಗಣೇಶ,

ನಿನ್ನ ಫೋನು ಆವತ್ತೇ ಚೂರಾಯ್ತಂತೆ. ನಿಮ್ಮವ್ವನ ಫೋನಿಗೆ ಮಾಡಿದರೆ ನನ್ನ ದನಿ ಕೇಳಿದ ತಕ್ಷಣ ಕಟ್ ಮಾಡ್ತಾರೆ. ಹೋದ ತಿಂಗಳು ಊರಿಗೆ ಬಂದಿದ್ದೆ. ಬಾಗಿಲಲ್ಲೇ ನಿಲ್ಲಿಸಿ, "ಮಲ್ಗವ್ನೆ ಕಣಪ್ಪ. ಕಂಪ್ನಿಯೋರು ಯಾರೂ ಬ್ಯಾಡ ಅಂದವ್ನೆ. ನೀನು ವೋಗು" ಅಂದರು. ನಾನು ಯಾವಾಗ್ಲಾ ಕಂಪನಿಯವನಾದೆ? ಒಂದನೇ ಕ್ಲಾಸಿಂದ ನಿನ್ನ ಪಕ್ಕ ಕೂತವನು. ಒಳಗೆ ನೀನು ಕೆಮ್ಮಿದ್ದು ಕೇಳಿಸಿತು. ಅಷ್ಟು ಕೇಳಿಕೊಂಡು ವಾಪಸ್ ಬಂದೆ.

ಅದಕ್ಕೇ ಈ ಕಾಗದ. ಒಂಬತ್ತನೇ ಕ್ಲಾಸಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತು ಕಿಟಕಿಯಾಚೆ ಎಸೆದು ಶಾಲೆ ಬಿಟ್ಟ ಮೇಲೆ ನಾನು ಪೆನ್ನು ಹಿಡಿದಿದ್ದು ಹಾಜರಿ ಸಹಿಗೆ ಮಾತ್ರ. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ನೀನು ಬಿದ್ದು ಎಂಟು ವಾರ. ಮೊಣಕಾಲಿನ ಕೆಳಗೆ ತೆಗೆದುಬಿಟ್ಟರು ಅಂತ ಗೇಟಿನ ಸೆಕ್ಯೂರಿಟಿ ಹಬೀಬಣ್ಣ ಹೇಳಿದ. ಹೇಳಿ ಅವನು ಅತ್ತ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೈ ತೊಳೆಯೋ ನಲ್ಲಿಗೆ ಒದ್ದು ಮುರಿದೆ. ಅದನ್ನ ರಿಪೇರಿ ಮಾಡಿಸೋ ಗತಿಯೂ ಈಗ ಕಂಪನಿಗಿಲ್ಲ, ಇನ್ನೂ ಸೋರುತ್ತಿದೆ.

ಗೋಡೌನ್ ಸಾಯ್ತಾ ಇದೆ ಕಣ್ಲಾ. ಬೈರಮಂಗಲದ ಈ ಶೆಡ್ಡಿಗೆ ನಾವಿಬ್ಬರೂ ಸೇರಿದಾಗ ಪಾರ್ಸೆಲ್ ಸಾಗಿಸೋ ನಾಲ್ಕು ಬೆಲ್ಟ್ ಓಡುತ್ತಿದ್ದವು, ಕೂಗಿದರೂ ಪಕ್ಕದವನಿಗೆ ಕೇಳಿಸುತ್ತಿರಲಿಲ್ಲ. ಈಗ ಒಂದೇ ಬೆಲ್ಟ್. ಮೇಲೆ ಪಾರಿವಾಳ ರೆಕ್ಕೆ ಬಡಿದರೆ ಎಲ್ಲರೂ ತಲೆ ಎತ್ತುತ್ತಾರೆ. ಟೀ ಮಿಷಿನ್ನನ್ನ ಅದರ ಓನರ್ ಬಂದು ಹೊತ್ತುಕೊಂಡು ಹೋದ. ಕನಕಪುರದ ಸಣ್ಣ ಡಿಪೋ ಮುಚ್ಚಿದ್ದು ನಿನಗೆ ಗೊತ್ತೇ ಇದೆ. ಅದನ್ನ ಮುಚ್ಚದೆ ಇದ್ದಿದ್ದರೆ ಬೈರಮಂಗಲದಿಂದ ಕೋಡಿಹಳ್ಳಿ ಕಾಡಿನತನಕ ಗಾಡಿ ಓಡಿಸೋ ಗ್ರಹಚಾರ ನಿನಗೆ ಯಾಕೆ ಬರುತ್ತಿತ್ತು?

ಡಮ್ಮಿ ಮಾತ್ರ ನಿಂತಿಲ್ಲ. ದುಡ್ಡು ಹಾಕೋ ದೊಡ್ಡೋರು ಬೆಂಗಳೂರಿಂದ ಬಂದು ನೋಡುವಾಗ ಬೋರ್ಡಿನ ಮೇಲೆ ದಿನಕ್ಕೆ ಎರಡು ಸಾವಿರ ಆರ್ಡರ್ ಕಾಣಬೇಕಂತೆ. ನಿಜವಾಗಿ ಬರೋದು ಎಂಟುನೂರು. ಉಳಿದದ್ದಕ್ಕೆ ನಾವು ಪ್ಯಾಕರ್‌ಗಳೇ ಆಫೀಸ್ ಫೋನಲ್ಲಿ ಆರ್ಡರ್ ಒತ್ತೋದು, ಬಾಯಿಗೆ ಬಂದ ಹೆಸರು, ದೂರದ ಊರು. ಖಾಲಿ ಡಬ್ಬಕ್ಕೆ ನೀಲಿ ಟೇಪ್ ಸುತ್ತಿ ಕಳಿಸೋದು. ನೀವು ಡೆಲಿವರಿ ಹುಡುಗರು ನೀಲಿ ಟೇಪ್ ನೋಡಿದ ತಕ್ಷಣ ಎಲ್ಲೂ ಹೋಗದೆ 'ಮನೆಯಲ್ಲಿ ಯಾರೂ ಇಲ್ಲ' ಅಂತ ಒತ್ತಿ ವಾಪಸ್ ತರೋದು. ಇದಕ್ಕೆ ವ್ಯಾಪಾರ ಅಂತ ಹೆಸರು.

ಸೂಪರ್‌ವೈಸರ್ ಸ್ವಾಮಿ ದಿನಾ ಬೆಳಿಗ್ಗೆ ಸಾಲಾಗಿ ನಿಲ್ಲಿಸಿಕೊಂಡು, "ನಾವೆಲ್ಲ ಒಂದೇ ಫ್ಯಾಮಿಲಿ ಕಣ್ರಪ್ಪ" ಅಂತಾನೆ. ಫ್ಯಾಮಿಲೀಲಿ ಒಬ್ಬನ ಕಾಲು ಹೋಯಿತು. ಆಸ್ಪತ್ರೆಗೆ ಎರಡು ಬಾಳೆಹಣ್ಣು ಹಿಡಿದು ಬರಲಿಲ್ಲ ಈ ಯಜಮಾನ.

ಒಂದು ಸಾಲು ಬರಿ. ಬೈದು ಬರೆದರೂ ಸರಿ.

ಕನಕರಾಜು


ಕೆಂಚನಪಾಳ್ಯ, ಮಾಗಡಿ ತಾಲ್ಲೂಕು
21 ಅಕ್ಟೋಬರ್ 2024

ಕನಕ,

ಕಾಗದ ಬಂತು. ಅವ್ವ ಒಲೆಗೆ ಹಾಕಲು ಹೋಗಿದ್ದಳು. ಹಾಸಿಗೆಯಿಂದಲೇ ಕೂಗಾಡಿ ಈಸಿಕೊಂಡೆ. ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಆ ಕೆಲಸಕ್ಕೆ ನನ್ನನ್ನು ಸೇರಿಸಿದ್ದು ನೀನು ಅಂತ ಅವಳ ಸಿಟ್ಟು. ನೀನು ಬಂದ ದಿನ ನಾನೂ ನಿನ್ನನ್ನು ಕರೆಯಲಿಲ್ಲ. ದುಪ್ಪಟಿ ಎತ್ತಿ ತೋರಿಸಬೇಕಾಗುತ್ತಲ್ಲ, ಅದಕ್ಕೆ.

ಇಲ್ಲದ ಪಾದಕ್ಕೆ ನವೆ ಬರುತ್ತೆ ಕಣೋ. ಕೆರೆಯಲು ಕೈ ಹೋಗುತ್ತೆ, ಹಾಸಿಗೆ ಸಿಗುತ್ತೆ.

ಆವತ್ತಿನದು ನಿನಗೆ ಪೂರ್ತಿ ಗೊತ್ತಿಲ್ಲ. ಚೀಲದಲ್ಲಿ ಕೊನೆಗೆ ಉಳಿದಿದ್ದು ಒಂದೇ ಪಾರ್ಸೆಲ್. 'ಮಾರಮ್ಮ, ಬೇವಿನ ಮರದ ಹತ್ತಿರ, ಹುಣಸೆದೊಡ್ಡಿ, ಕೋಡಿಹಳ್ಳಿ ಹೋಬಳಿ.' ಅದರಲ್ಲಿದ್ದ ನಂಬರಿಗೆ ಮಾಡಿದರೆ ಆ ನಂಬರೇ ಇಲ್ಲ ಅಂತ ಬಂತು. ಡಮ್ಮಿ ಇರಬೇಕು ಅಂತ ಒಂದು ಗಳಿಗೆ ಅನ್ನಿಸಿತು. ಆದರೆ ಮಾಮೂಲಿ ಬ್ರೌನ್ ಟೇಪ್ ಇತ್ತು. ಎತ್ತಿದರೆ ತೂಕವಿತ್ತು, ಒಳಗೆ ಗಾಜಿನ ಸದ್ದು. ಸ್ಟಿಕ್ಕರ್ ಮೇಲೆ ಪ್ಯಾಕರ್ ನಂಬರ್ ನೋಡಿದೆ. ನಲವತ್ತೇಳು. ನೀನು ಪ್ಯಾಕ್ ಮಾಡಿದ್ದು ಅಂದ ಮೇಲೆ ಸರಿಯಾಗೇ ಇರುತ್ತೆ, ಯಾರೋ ಅಜ್ಜಿ ಫೋನ್ ನಂಬರ್ ತಪ್ಪು ಹೇಳಿರಬೇಕು ಅಂದುಕೊಂಡು ಹೊರಟೆ.

ಗಾಜು ಒಡೆಯಬಾರದು ಅಂತ ನಿಧಾನವಾಗೇ ಹೋಗುತ್ತಿದ್ದೆ. ಹೊತ್ತು ಮುಳುಗುವ ಸಮಯ. ಮೋರಿಯ ತಿರುವಿನಲ್ಲಿ ಆನೆ ನಿಂತಿತ್ತು. ಬ್ರೇಕ್ ಹಿಡಿದೆ. ಗಾಡಿ ಜಲ್ಲಿ ಮೇಲೆ ಜಾರಿ ನನ್ನನ್ನೂ ಎಳೆದುಕೊಂಡು ಮೋರಿಗೆ ಬಿತ್ತು. ಕಾಲು ಗಾಡಿಯ ಅಡಿ. ಆನೆ ನನ್ನ ಕಡೆ ನೋಡಲೂ ಇಲ್ಲ, ಅದರ ಪಾಡಿಗೆ ರಸ್ತೆ ದಾಟಿಕೊಂಡು ಹೋಯಿತು. ಕುರಿ ಹೊಡೆದುಕೊಂಡು ಬರುತ್ತಿದ್ದ ಅಂಕಯ್ಯ ಅನ್ನೋ ಮುದುಕ ಎತ್ತಿದ. ಪ್ರಜ್ಞೆ ತಪ್ಪೋ ಮುಂಚೆ ಡಬ್ಬವನ್ನು ಅವನ ಕೈಗೆ ಕೊಟ್ಟು, ಮಾರಮ್ಮನಿಗೆ ತಲುಪಿಸಿ ಅಂದಿದ್ದೆನಂತೆ. ನನಗೆ ನೆನಪಿಲ್ಲ.

ಹೋದ ವಾರ ಆ ಅಂಕಯ್ಯ ಮೂರು ಬಸ್ಸು ಬದಲಾಯಿಸಿ ಮನೆ ಹುಡುಕಿಕೊಂಡು ಬಂದಿದ್ದ. ಕಂಬಳಿಯೊಳಗಿಂದ ಡಬ್ಬ ತೆಗೆದ. "ಹುಣಸೆದೊಡ್ಡೀಲಿ ಮಾರಮ್ಮ ಅನ್ನೋರು ಮೂರು ಜನ ಅವ್ರೆ ಕಣಪ್ಪ. ಮೂರು ಜನಾನೂ ನಮ್ಮದಲ್ಲ ಅಂದ್ರು. ಕಂಡೋರ ಮಾಲು ಮನೇಲಿ ಮಡಿಕೊಂಡ್ರೆ ನಂಗೆ ಅನ್ನ ಇಳಿಯಾಕಿಲ್ಲ, ತಗೊ" ಅಂದ.

ಅಲ್ಲಾಡಿಸಿದರೆ ಚೂರುಗಳ ಸದ್ದು. ನಾನು ಬಿದ್ದಾಗಲೇ ಒಡೆದಿರಬೇಕು. ಒಳಗೇನಿದೆ ಅಂತ ಬಿಚ್ಚಿ ನೋಡಿಲ್ಲ, ಕಸ್ಟಮರ್ ಮಾಲು. ಆದರೆ ಆ ಮಾರಮ್ಮ ತಲೆಯಿಂದ ಹೋಗುವುದಿಲ್ಲ. ಬೇವಿನ ಮರದ ಕೆಳಗೆ ಕೂತು ದಾರಿ ನೋಡಿರಬೇಕು. ಮೊಮ್ಮಗಳ ಕೈಲಿ ಆರ್ಡರ್ ಮಾಡಿಸಿರಬೇಕು. ಒಬ್ಬರಿಗೆ ಬೇಕಾದ ವಸ್ತು ತಲುಪಿಸಲು ಹೋಗಿ ಹೀಗಾಯಿತು ಅಂದುಕೊಂಡರೆ ನನಗೆ ಒಂಚೂರು ತಡೆದುಕೊಳ್ಳಲು ಆಗುತ್ತೆ.

ನೀನು ಸಿಸ್ಟಮ್‌ನಲ್ಲಿ ನೋಡಿ ಅವಳ ಸರಿಯಾದ ವಿಳಾಸ ತಿಳಿಸು.

ಗಣೇಶ


ಬಿಡದಿ
25 ಅಕ್ಟೋಬರ್ 2024

ಗಣೇಶ,

ಡಬ್ಬ ಬಿಚ್ಚಬೇಡ. ಯಾರ ಕೈಗೂ ಕೊಡಬೇಡ. ನನಗೆ ಕಳಿಸು. ಹಾಲಿನ ವ್ಯಾನ್ ಕೆಂಪರಾಜು ದಿನಾ ಮಾಗಡಿಯಿಂದ ಬಿಡದಿಗೆ ಬರುತ್ತಾನಲ್ಲ, ಅವನ ಕೈಲಿ ಕೊಡು. ವಿಳಾಸ ನಾನು ಹುಡುಕುತ್ತೀನಿ. ಒಡೆದಿದ್ದರೆ ಬೇರೆ ಕಳಿಸೋ ವ್ಯವಸ್ಥೆಯೂ ನಾನೇ ಮಾಡುತ್ತೀನಿ, ನಿನ್ನ ಮೇಲೆ ಏನೂ ಬರಲ್ಲ.

ಆ ಮುದುಕಿ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಊಟ ಸರಿಯಾಗಿ ಮಾಡು.

ಬೆಲ್ಟ್ ಸೈರನ್ ಆಯ್ತು, ಹೋಗಬೇಕು.

ಕನಕ


ಕೆಂಚನಪಾಳ್ಯ
18 ನವೆಂಬರ್ 2024

ಕನಕ,

ಕೆಂಪರಾಜು ಕೈಲಿ ಡಬ್ಬ ಕಳಿಸಿದ್ದೇನೆ. ಜೋಪಾನ. ವಾಕರ್ ಹಿಡಿದು ಹಿತ್ತಿಲ ತನಕ ಹೋಗಿ ಬಂದೆ. ಅವ್ವ ಹಿಂದೆಯೇ ಬರುತ್ತಾಳೆ, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು, ನಾನು ನಡೆಯಲು ಕಲಿಯುವ ಮಗು ಅನ್ನುವ ಹಾಗೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಕೈಲಾಂಚದಿಂದ ಅಪ್ಪಾಜಿ ಮಾವ ಬಂದಿದ್ದರು, ಮಾನ್ಯಳ ಅಪ್ಪ. ಆಷಾಢಕ್ಕೆ ಮುಂಚೆ ಅವರ ಮನೆಯಲ್ಲಿ ಎಲೆ ಅಡಿಕೆ ಬದಲಾಯಿಸಿದಾಗ ನೀನೇ ಪಾಯಸ ಬಡಿಸಿದ್ದೆ. ನಾನು ಕಾಲಿನ ಮಾತು ಬರುತ್ತೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ಬೇರೆಯೇ ಕೇಳಿದರು.

"ಕಾಲು ವೋದ್ರೆ ವೋಯ್ತು ಕಣಪ್ಪ, ನನ್ ಮಗ್ಳು ಅದ್ಕೆಲ್ಲ ಇಂದೆ ಸರಿಯೋಳಲ್ಲ. ಆದ್ರೆ ಆ ವೊತ್ನಲ್ಲಿ ಆ ಕಾಡ್ ದಾರೀಲಿ ನಿಂಗೇನ್ ಕೆಲ್ಸ? ಕಂಪ್ನಿಗೆ ಫೋನ್ ಮಾಡ್ಸಿದ್ದೆ. ಆವತ್ತು ಆ ಕಡೀಕೆ ನಮ್ದು ಒಂದು ಪಾರ್ಸಲ್ಲೂ ಇರ್ನಿಲ್ಲ ಅಂದ್ರು."

ಮಾರಮ್ಮನ ಹೆಸರಿಗೆ ಡಬ್ಬ ಬಂದಿತ್ತು ಅಂದೆ. "ಅಂಗಾರೆ ಆ ಮಾರಮ್ಮ ಎಲ್ಲಪ್ಪ?" ಅಂದರು. ಕೋಡಿಹಳ್ಳಿ ಕಡೆ ನನಗೆ ಯಾರೋ ಹೆಂಗಸು ಇದ್ದಾಳೆ, ಅಲ್ಲಿಗೆ ಹೋಗುವಾಗ ಬಿದ್ದ ಅಂತ ಮಾತು ಹುಟ್ಟಿದೆ ಕನಕ. ಅವ್ವ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರಂತೆ.

ಸಂಕ್ರಾಂತಿ ತನಕ ಸಮಯ ಕೊಟ್ಟಿದ್ದಾರೆ. ಆವತ್ತು ನಾನು ಕಂಪನಿ ಕೆಲಸದ ಮೇಲೆ ಹೋಗಿದ್ದೆ ಅಂತ ಒಂದು ಕಾಗದ, ಒಂದು ಸೀಲು. ಅಷ್ಟು ತೆಗೆಸಿಕೊಡು. ಮಾನ್ಯಳನ್ನು ಕಳೆದುಕೊಂಡರೆ ನಾನು ಏಳುವುದಿಲ್ಲ.

ಗಣೇಶ


ಬಿಡದಿ
29 ಡಿಸೆಂಬರ್ 2024

ಗಣೇಶ,

ತಡವಾಯ್ತು. ಇಲ್ಲಿ ಎಲ್ಲ ಅಲ್ಲೋಲಕಲ್ಲೋಲ. ಕಂಪನಿಯನ್ನ ಇನ್ಯಾರೋ ಕೊಂಡುಕೊಳ್ಳುತ್ತಾರಂತೆ. ಅವರು ಬರೋ ಮುಂಚೆ ಲ್ಯಾಪ್‌ಟಾಪ್ ಹಿಡಿದ ಮೂರು ಜನ ಬಂದು ಒಂದು ವಾರ ಕೂತು ಸಿಸ್ಟಮ್ 'ಕ್ಲೀನ್' ಮಾಡಿ ಹೋದರು. ಹಳೇದು ಏನು ಕೇಳಿದರೂ ಸ್ಕ್ರೀನ್ ಬೆಳ್ಳಗಿರುತ್ತೆ.

ಮೊನ್ನೆ ಸೋಮವಾರ ಬೆಳಿಗ್ಗೆ ಬಂದರೆ ಗೇಟಲ್ಲಿ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ಹೆಸರಿದ್ದೋರು ಒಳಗೆ ಬರೋ ಹಾಗಿಲ್ಲ. ಹಬೀಬಣ್ಣ ಓದಿ ಹೇಳಬೇಕಿತ್ತು, ಅರವತ್ತೆರಡು ಹೆಸರು. ಕೊನೇದು ಅವನದೇ. ಓದಿ ಮುಗಿಸಿ, ಟೋಪಿ ತೆಗೆದು ಕುರ್ಚಿ ಮೇಲೆ ಇಟ್ಟು, ಅವನೇ ಗೇಟ್ ಹೊರಗೆ ಬಂದು ನಮ್ಮ ಜೊತೆ ನಿಂತುಕೊಂಡ. ನನ್ನ ಪಕ್ಕದ ಟೇಬಲ್ಲಿನ ಸುಹಾನಾ, "ನನ್ನ ಚಪ್ಪಲಿ ಒಳಗಿದೆ, ಅದನ್ನಾದ್ರೂ ಕೊಡಿ ಸಾರ್" ಅಂತ ಕಂಬಿ ಹಿಡಿದು ಕೇಳುತ್ತಿದ್ದಳು. ಒಳಗಡೆ ಹಾಕ್ಕೊಳ್ಳೋಕೆ ಅಂತ ಇಟ್ಟುಕೊಂಡಿದ್ದ ಹವಾಯಿ ಚಪ್ಪಲಿ. ಮೂರು ವರ್ಷ ಕೆಲಸ ಮಾಡಿದವಳಿಗೆ ಚಪ್ಪಲಿ ತಂದುಕೊಡೋಕೆ ಒಬ್ಬ ಗಂಡಸು ಎದ್ದು ಬರಲಿಲ್ಲ.

ನನ್ನ ಹೆಸರು ಆ ಹಾಳೆಯಲ್ಲಿ ಇರಲಿಲ್ಲ. ಸ್ವಾಮಿ ಕರೆದು, "ಚನ್ನಪಟ್ಟಣದ ಹೊಸ ಗೋಡೌನ್‌ಗೆ ಹತ್ತು ಜನಾನ ತಗೋತಾರೆ. ನಿನ್ನ ಹೆಸ್ರು ಫಸ್ಟು ಬರ್ಸಿವ್ನಿ. ಹಳೇದೆಲ್ಲ ಕೆದಕ್ಬ್ಯಾಡ, ತಲೆ ಬಗ್ಗಿಸ್ಕೊಂಡು ಬಾ" ಅಂದ. ನಾನು ಹೂಂ ಅಂದೆ.

ನಿನ್ನ ಕಾಗದದ ವಿಷಯ ಕೇಳಿದ್ದೀನಿ. ಆಗುತ್ತೆ ಅನ್ನಲ್ಲ, ಆಗಲ್ಲ ಅಂತಲೂ ಅನ್ನಲ್ಲ. ಡಬ್ಬ ನನ್ನ ರೂಮಲ್ಲಿ ಮಂಚದ ಕೆಳಗಿದೆ.

ಆ ಅಪ್ಪಾಜಿಗೆ ಮನುಷ್ಯರ ಮಾತಿಗಿಂತ ಸೀಲು ಹೆಚ್ಚಾಯ್ತಾ?

ಕನಕ


ಕೆಂಚನಪಾಳ್ಯ
20 ಜನವರಿ 2025

ಕನಕ,

ಸಂಕ್ರಾಂತಿಯ ಮಾರನೇ ದಿನ ಕೈಲಾಂಚದಿಂದ ಇಬ್ಬರು ಹಿರಿಯರು ಬಂದು, ನಾವು ಕೊಟ್ಟಿದ್ದ ಸೀರೆ, ಉಂಗುರ ಹಜಾರದಲ್ಲಿಟ್ಟು ಹೋದರು. ನೀರು ಕೂಡ ಕುಡಿಯಲಿಲ್ಲ. ಅವ್ವ ಸೀರೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ನನ್ನ ಹತ್ತಿರ ಕೂತು, "ಮಗ, ನಂಗಾದ್ರೂ ನಿಜ ಏಳು. ಯಾರ್ಲಾ ಅವ್ಳು?" ಅಂದಳು.

ಹೆತ್ತವಳೇ ಹಾಗೆ ಕೇಳಿದ ಮೇಲೆ ನಾನು ಯಾರಿಗೆ ಏನು ಹೇಳಲಿ.

ಇನ್ನು ಕಾಗದ ಹುಡುಕಬೇಡ.

ಗಣೇಶ


ಬಿಡದಿ
2 ಫೆಬ್ರವರಿ 2025

ಗಣೇಶ,

ನಾಲ್ಕು ಸಲ ಬರೆದು ಹರಿದೆ. ಇದು ಐದನೇದು.

ನೀನು ಹುಡುಕೋ ಮಾರಮ್ಮ ಇಲ್ಲ. ಹುಣಸೆದೊಡ್ಡಿಯಲ್ಲೂ ಇಲ್ಲ, ಎಲ್ಲೂ ಇಲ್ಲ. ಅವಳನ್ನ ಹುಟ್ಟಿಸಿದ್ದು ನಾನು. ಚಿಕ್ಕವನಿದ್ದಾಗ ಅಪ್ಪನ ಜೊತೆ ಕುರಿ ತರೋಕೆ ಆ ದೊಡ್ಡಿಗೆ ಹೋಗಿದ್ದೆ, ಬೇವಿನ ಮರ ನೆನಪಿತ್ತು, ಹಾಕಿದೆ. ಅದು ಡಮ್ಮಿ.

ಆಗಸ್ಟ್ ಹದಿಮೂರು. ಮಾರನೇ ದಿನ ಬೆಂಗಳೂರಿನವರು ಬರೋರಿದ್ದರು. ಒಬ್ಬೊಬ್ಬ ಪ್ಯಾಕರ್ ನಲವತ್ತು ಡಮ್ಮಿ ಮಾಡಬೇಕಿತ್ತು. ಆ ವಾರ ಹೊಸ ತೂಕದ ಮಿಷಿನ್ ಹಾಕಿದ್ದರು, ಖಾಲಿ ಡಬ್ಬ ಇಟ್ಟರೆ ಕೆಂಪು ಲೈಟು. ಅದಕ್ಕೆ ಹಿಂದುಗಡೆ ಬಿದ್ದಿದ್ದ ಒಡೆದ ಟೈಲ್ಸ್ ಚೂರು ತುಂಬಿದೆವು. ನೀನು ಗಾಜು ಅಂದುಕೊಂಡು ನಿಧಾನ ಹೋದೆಯಲ್ಲ, ಅದು ಕಕ್ಕಸಿನ ಟೈಲ್ಸ್ ಕಣ್ಲಾ.

ಮೂವತ್ತೊಂದಕ್ಕೆ ನೀಲಿ ಟೇಪ್ ಮುಗಿಯಿತು. ಸ್ವಾಮಿ ಹತ್ತಿರ ಕೇಳಿದೆ. "ಬ್ರೌನೇ ಸುತ್ತು, ಹುಡುಗ್ರಿಗೆ ಬಾಯ್ನಲ್ಲಿ ಏಳ್ಬುಡು" ಅಂದ. ಹೊಸ ಟೇಪ್ ತರಿಸೋ ಯೋಗ್ಯತೆ ಇಲ್ವಾ ಅಂತ ಜಗಳಕ್ಕೆ ಬಿದ್ದೆ. ಎಲ್ಲರ ಮುಂದೆ ಕಿರುಚಾಡಿದೆ. ಬ್ರೌನ್ ಸುತ್ತಿದ್ದು ಒಂಬತ್ತು. ಎಂಟನ್ನ ತಗೊಂಡು ಹೋಗೋ ಹುಡುಗರಿಗೆ ಡಮ್ಮಿ ಅಂತ ಹೇಳಿದೆ. ಒಂಬತ್ತನೇದಕ್ಕೆ ಬಾಗಿಲಿಗೆ ಬಂದರೆ ನೀನು ಆಗಲೇ ಗಾಡಿ ತೆಗೆದಿದ್ದೆ.

ಒಳಗೆ ಬರುವಾಗ ನಮ್ಮ ಫೋನು ಗೇಟಲ್ಲಿ ಕೊಡಬೇಕಲ್ಲ, ಶಿಫ್ಟ್ ಬಿಟ್ಟು ಅದನ್ನ ಈಸಿಕೊಂಡಾಗ ಮಾಡೋಣ ಅಂದುಕೊಂಡೆ. ಶಿಫ್ಟ್ ಬಿಟ್ಟಾಗ ಬಸ್ಸು ನಿಂತಿತ್ತು. ಹತ್ತಿದೆ. ಸೀಟು ಸಿಕ್ಕಿತು. ಬಿಡದಿತನಕ ಪಕ್ಕದವನಿಗೆ ಸ್ವಾಮಿಯನ್ನ ಬೈದುಕೊಂಡು ಬಂದೆ. ಫೋನು ನನ್ನ ಜೇಬಲ್ಲೇ ಇತ್ತು ಗಣೇಶ. ಇಳಿದ ಮೇಲೆ ನೆನಪಾಯ್ತು. ಆಗ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ನೀನು ಆಗಲೇ ಮೋರಿಯಲ್ಲಿದ್ದೆಯೋ ಏನೋ.

ಅಷ್ಟೇ. ಬೇರೆ ಏನೂ ಇಲ್ಲ. ಬೈಯೋದರಲ್ಲಿ ಮರೆತೆ.

ಡಬ್ಬ ತರಿಸಿಕೊಂಡಿದ್ದು ಸುಡೋಕೆ. ಕೆಂಪರಾಜು ಕೊಟ್ಟ ದಿನವೇ ಬೆಂಕಿಪೊಟ್ಟಣ ತಂದೆ. ನೆನೆದು ಹರಿದಿದ್ದ ಮೂಲೆಗೆ ನೀನು ಬಟ್ಟೆ ಪಟ್ಟಿ ಹಚ್ಚಿ ದಾರದಲ್ಲಿ ಕಟ್ಟಿದ್ದೆ. ಮಲಗಿದ್ದವನು ಎದ್ದು ಕೂತು ಅದನ್ನ ಕಟ್ಟಿದ್ದೀಯ. ಸುಡೋಕೆ ಆಗಲಿಲ್ಲ. ಹೇಳೋಕೂ ಆಗಲಿಲ್ಲ. ಚನ್ನಪಟ್ಟಣದ ಕೆಲಸ ಬೇಕಿತ್ತು, ಕಾಗದದ ವಿಷಯ ಕೇಳಿದ್ದೀನಿ ಅಂತ ನಿನಗೆ ಸುಳ್ಳು ಬರೆದು ಸುಮ್ಮನಿದ್ದೆ. ಸಂಕ್ರಾಂತಿ ದಾಟಿದರೆ ಅಪ್ಪಾಜಿ ತಣ್ಣಗಾಗುತ್ತಾನೆ ಅಂದುಕೊಂಡೆ.

ನಿಮ್ಮವ್ವ ಕೇಳಿದ್ದನ್ನ ಓದಿದ ಮೇಲೆ ಸ್ವಾಮಿ ಹತ್ತಿರ ಹೋದೆ. ಡಮ್ಮಿ ಇತ್ತು ಅಂತ ಬರೆದುಕೊಡಿ ಅಂದೆ. "ಯಾವ್ ಡಮ್ಮಿ ಕಣಯ್ಯ? ಸಿಸ್ಟಮ್ನಲ್ಲಿ ತೋರ್ಸು" ಅಂದ. ಹತ್ತು ಜನರ ಲಿಸ್ಟ್ ಅವನ ಟೇಬಲ್ ಮೇಲೇ ಇತ್ತು. ನನ್ನ ಹೆಸರು ಅವನ ಪೆನ್ನಲ್ಲೇ ಹೊಡೆದು ಹಾಕಿ ಬಂದೆ. ಇದನ್ನೇ ಆಗಸ್ಟಲ್ಲಿ ಮಾಡಬಹುದಿತ್ತು.

ನಾಡಿದ್ದು ಡಬ್ಬ ತಗೊಂಡು ಕೈಲಾಂಚಕ್ಕೆ ಹೋಗುತ್ತೀನಿ. ನೀನು ಬೇಡ ಅನ್ನೋಕೆ ಈ ಕಾಗದ ಅಷ್ಟರೊಳಗೆ ತಲುಪಲ್ಲ. ಬೇಕು ಅಂತಲೇ ಹಾಗೆ ಮಾಡುತ್ತಿದ್ದೀನಿ.

ಕನಕರಾಜು


ಬಿಡದಿ
17 ಫೆಬ್ರವರಿ 2025

ಗಣೇಶ,

ನಿನ್ನಿಂದ ಕಾಗದ ಬಂದಿಲ್ಲ. ಬರಬೇಕು ಅಂತಲೂ ಇಲ್ಲ. ಅಲ್ಲಿ ಆಗಿದ್ದು ನಿನಗೆ ಗೊತ್ತಿರಬೇಕು, ಅದಕ್ಕೆ ಬರೆಯುತ್ತಿದ್ದೀನಿ.

ಅಪ್ಪಾಜಿ ಹಿತ್ತಿಲಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಗುರುತು ಹಿಡಿದರು.

"ಪಾಯ್ಸ ಬಡ್ಸಿದೋನಲ್ವೇನ್ಲಾ ನೀನು? ಯಾಕ್ ಬಂದೆ?"

"ಗಣೇಶ ಯಾಕೆ ಆ ದಾರೀಲಿ ಇದ್ದ ಅಂತ ಏಳಾಕೆ ಬಂದೆ ಮಾವ."

"ಮುಗ್ದೋಗಿರೋ ಮಾತು. ಮೇಲಾಗಿ ಸ್ನೇಹಿತ ಅನ್ನೋನು ಅವನ ಪರ್ವಾಗೇ ಏಳ್ತಾನೆ."

"ಪರ್ವಾಗಿ ಅಲ್ಲ. ನನ್ ಮ್ಯಾಲೇ ಏಳ್ಕೊಳಾಕೆ ಬಂದಿವ್ನಿ."

ಕುಡುಗೋಲು ಕೆಳಗಿಟ್ಟರು. ನಾನು ಸ್ಟಿಕ್ಕರ್ ತೋರಿಸಿದೆ. ತಾರೀಕು, ನಿನ್ನ ರೈಡರ್ ನಂಬರ್, ನನ್ನ ಪ್ಯಾಕರ್ ನಂಬರ್. ನಿನಗೆ ಬರೆದದ್ದನ್ನೆಲ್ಲ ಬಾಯಲ್ಲಿ ಹೇಳಿದೆ. ಆಮೇಲೆ ಅವರ ಕುಡುಗೋಲಲ್ಲೇ ಟೇಪ್ ಕೊಯ್ದು ಡಬ್ಬ ಬೋರಲು ಹಾಕಿದೆ. ಚೂರುಗಳು ಸೊಪ್ಪಿನ ಮೇಲೆ ಬಿದ್ದವು. ಅವರು ಒಂದನ್ನ ಎತ್ತಿ ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಟೇಪು ಬಣ್ಣ ಬ್ಯಾರೆ ಆಗಿದ್ದುಕ್ಕೆ ಒಂದು ಕಾಲು ವೋಯ್ತೇನ್ಲಾ?"

"ಹೂಂ ಮಾವ."

"ಇದ್ನ ಇಲ್ದಿರೋ ಮಾರಮ್ಮಂಗೆ ಕೊಡಾಕೆ ಕಾಡಿಗೆ ವೋದ್ನಾ?"

"ಹೂಂ."

ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಕೂತಲ್ಲೇ ಕೂತು, "ನಾನು ಸೀರೆ ವಾಪಸ್ ಕಳ್ಸುಬುಟ್ನಲ್ಲಪ್ಪ" ಅಂದರು. ಅವರಿಗೆ ಅವರೇ ಹೇಳಿಕೊಂಡ ಹಾಗೆ.

ಹಿಂದೆ ಮಾನ್ಯ ಸೊಪ್ಪಿನ ಮಂಕರಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿಂದ ನಿಂತಿದ್ದಳೋ.

"ಇದು ಅವ್ರಿಗೆ ಗೊತ್ತಾ?" ಅಂದಳು.

"ಕಾಗ್ದ ಹಾಕಿವ್ನಿ."

"ಯಾವಾಗ?"

"ಮೊನ್ನೆ."

"ಮೊನ್ನೆ," ಅಂದಳು. ಮಂಕರಿ ಕೆಳಗಿಟ್ಟಳು. "ಅವ್ರು ಬಿದ್ದು ಆರು ತಿಂಗ್ಳಾಯ್ತು. ನೀವು ಆರು ತಿಂಗ್ಳು ಊಟ ಮಾಡ್ಕೊಂಡು ಇದ್ರಾ?"

ನನಗೆ ಯಾರಾದರೂ ಒಂದು ಅಂದರೆ ಎರಡು ಅನ್ನೋ ಬಾಯಿ. ಅವತ್ತು ಹೂಂ ಅಂದೆ, ಅಷ್ಟೇ. ಡಬ್ಬ ಅಲ್ಲೇ ಬಿಟ್ಟು ಬಂದೆ. ಇದನ್ನ ಯಾರ ಮುಂದೆ ಬೇಕಾದರೂ ಹೇಳುತ್ತೀನಿ, ಎಲ್ಲಿ ಬೇಕಾದರೂ ಸಹಿ ಹಾಕುತ್ತೀನಿ ಅಂತ ಒಂದು ಹಾಳೆಯಲ್ಲಿ ಬರೆದು ಅಪ್ಪಾಜಿ ಕೈಗೆ ಕೊಟ್ಟಿದ್ದೀನಿ.

ಈಗ ಒಂದು ಇಟ್ಟಿಗೆ ಗೂಡಲ್ಲಿ ಲೋಡಿಂಗ್ ಕೆಲಸ. ಇಲ್ಲಿ ಇಟ್ಟಿಗೆ ಅಂದರೆ ಇಟ್ಟಿಗೆ.

ಕನಕರಾಜು


ಕೆಂಚನಪಾಳ್ಯ
6 ಏಪ್ರಿಲ್ 2025

ಕನಕ,

ನಿನ್ನ ಎರಡೂ ಕಾಗದ ಓದಿದೆ. ಬಹಳ ದಿನ ಪೆನ್ನು ಮುಟ್ಟಲಿಲ್ಲ.

ಅಪ್ಪಾಜಿ ಮಾವ ಶಿವರಾತ್ರಿ ಕಳೆದು ಬಂದರು. ನೀನು ಬರೆದುಕೊಟ್ಟ ಹಾಳೆಯನ್ನು ನಮ್ಮ ಊರಿನ ಅರಳಿಕಟ್ಟೆಯ ಮೇಲೆ ನಿಂತು, ಯಾರ್ಯಾರು ಮಾತಾಡಿದ್ದರೋ ಅವರೆಲ್ಲರ ಮುಂದೆ ಗಟ್ಟಿಯಾಗಿ ಓದಿಸಿದರು. ಆಮೇಲೆ ನಮ್ಮ ಮನೆಗೆ ಬಂದು ಅವ್ವನ ಮುಂದೆ ಕೈ ಮುಗಿದು ನಿಂತರು. ಅವ್ವ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. ಅವಳೂ ಒಂದು ದಿನ ನನ್ನನ್ನು ನಂಬಿರಲಿಲ್ಲವಲ್ಲ.

ಮಾನ್ಯ ಅವತ್ತೇ ಬಂದಿದ್ದಳು. ನನ್ನ ಹಾಸಿಗೆ ಪಕ್ಕ ಕೂತು, "ಎಲ್ಲಿಗೋಗಿದ್ರಿ ಅಂತ ಅಪ್ಪ ಕೇಳುದ್ರು, ನಾನು ಕೇಳ್ನಿಲ್ಲ. ಆದ್ರೆ ಸೀರೆ ವಾಪಸ್ ಕಳ್ಸುವಾಗ ಬ್ಯಾಡ ಅನ್ಲೂ ಇಲ್ಲ. ಸುಮ್ನಿದ್ದೆ" ಅಂದಳು. ಅಷ್ಟು ಹೇಳಿ ನನ್ನ ದುಪ್ಪಟಿ ಸರಿಸಿ ಕಾಲು ನೋಡಿದಳು. ನಾನು ತಡೆಯಲಿಲ್ಲ. ಅವಳ ಮೇಲಿನ ಕೋಪ ಅಲ್ಲಿಗೆ ಹೋಯಿತು.

ನಿನ್ನ ಮೇಲಿನದು ಹೋಗಲಿ ಅಂತ ನಾನೂ ಕಾದೆ. ಟೇಪ್ ಮುಗಿದದ್ದಕ್ಕೆ ಕೋಪವಿಲ್ಲ. ನೀನು ಬಸ್ಸಿನಲ್ಲಿ ಮರೆತದ್ದಕ್ಕೂ ಇಲ್ಲ, ನಾನಾಗಿದ್ದರೂ ಮರೆಯುತ್ತಿದ್ದೆನೇನೋ. ಆದರೆ ಬೇವಿನ ಮರದ ಕೆಳಗೆ ಒಬ್ಬ ಅಜ್ಜಿ ದಾರಿ ನೋಡುತ್ತಿದ್ದಾಳೆ ಅಂತ ನಾನು ನಿನಗೆ ಬರೆದಾಗ, ಊಟ ಸರಿಯಾಗಿ ಮಾಡು ಅಂತ ಉತ್ತರ ಬರೆದೆಯಲ್ಲ ಕನಕ. ಅವಳಿಗಾಗಿ ನಾನು ಮರುಗುತ್ತಿದ್ದೆ. ಡಬ್ಬದ ಮೂಲೆ ಕಟ್ಟುವಾಗ ಅವಳ ಹತ್ತಿರ ಮನಸ್ಸಿನಲ್ಲೇ ಕ್ಷಮೆ ಕೇಳಿದ್ದೆ. ಈಗ ಊರಲ್ಲಿ ನನ್ನ ಮರ್ಯಾದೆ ಇದೆ, ಮದುವೆ ಇದೆ, ಎಲ್ಲವೂ ನೀನು ಬಾಯಿ ಬಿಟ್ಟದ್ದರಿಂದಲೇ. ಆದರೆ ನನ್ನ ಕಾಲು ಯಾರಿಗಾಗಿ ಹೋಯಿತು ಅಂದರೆ ಹೇಳಲು ಒಂದು ಹೆಸರಿಲ್ಲ.

ನಿನ್ನ ಹಾಳೆ ಇಟ್ಟುಕೊಂಡು ರಾಮನಗರದಲ್ಲಿ ಒಬ್ಬ ವಕೀಲರು ಕಂಪನಿ ಮೇಲೆ ಕೇಸು ಹಾಕಿದ್ದಾರೆ. ಸಾಕ್ಷಿಗೆ ನಿನ್ನನ್ನು ಕರೆಯುತ್ತಾರೆ. ಹೋಗು. ಅಲ್ಲಿ ಸಿಕ್ಕರೆ ಮಾತಾಡೋಣ, ಕೋರ್ಟಿನಲ್ಲಿ ಮಾತಾಡುವಷ್ಟು.

ಮದುವೆ ಮೇ ಹದಿನೆಂಟು, ಭಾನುವಾರ, ಕೈಲಾಂಚದಲ್ಲಿ ಅವರ ಮನೆ ಮುಂದೆಯೇ. ಲಗ್ನಪತ್ರಿಕೆ ಹಂಚುವಾಗ ಅವ್ವ, "ಕನಕಂಗೂ ಒಂದು ಬರಿ ಮಗ, ಏನೇ ಆಗ್ಲಿ ಬಂದು ನಿಜ ಏಳ್ದ" ಅಂದಳು. ಮಾನ್ಯಳೂ ಬೇಡ ಅನ್ನಲಿಲ್ಲ. ನಾನೇ ಬರೆಯಲಿಲ್ಲ.

ನೀನು ಬರಬೇಡ. ಬಂದು ಪಂಕ್ತಿಯಲ್ಲಿ ಕೂತರೆ, ಎಲ್ಲರ ಮುಂದೆ ನಿನ್ನ ಎಲೆಯ ಹತ್ತಿರ ನಿಂತು ಚೆನ್ನಾಗಿ ಊಟ ಮಾಡು ಅನ್ನಬೇಕಾಗುತ್ತೆ. ನನಗೆ ಇನ್ನೂ ಅದು ಬರುವುದಿಲ್ಲ.

ಗಣೇಶ